ಒಂದರಿಂದ ಮೂರರವರೆಗೆ ತೋಪುಗಳಿಗೆ ಬಿಡುವು

ಧಾರವಾಡದ ಕಿಲ್ಲಾದಲ್ಲಿ ಈಗ ನೋಡಲು ಹೆಚ್ಚೇನೂ ಉಳಿದಿಲ್ಲ. ಆದರೂ ಎಡ್ವರ್ಡ್ ಮೂರ್‌ನ 1794ರ ಪುಸ್ತಕವನ್ನು ಮೊಬೈಲಿನಲ್ಲಿ ತೆರೆದುಕೊಂಡು ಆ ಹಳೆಯ ಬಾಗಿಲ ಹತ್ತಿರ ನಿಂತಾಗ ನನಗೆ ಆಟೋಗಳ ಹಾರ್ನೂ ಕೇಳಿಸಲಿಲ್ಲ.

ಮೂರನೇ ಮೈಸೂರು ಯುದ್ಧದ ಕಥೆ ಗೊತ್ತಿದ್ದದ್ದೇ. 1790ರ ಸೆಪ್ಟೆಂಬರಿನಲ್ಲಿ ಒಳಗೆ ಟಿಪ್ಪುವಿನ ಬದ್ರುಜ್ಜಮಾನ್ ಖಾನ್, ಹೊರಗೆ ಪರಶುರಾಮಭಾವು ಪಟವರ್ಧನನ ಮರಾಠಾ ಸೈನ್ಯ, ಅದರ ಜೊತೆ ಕ್ಯಾಪ್ಟನ್ ಲಿಟಲ್‌ನ ಕಂಪನಿ ತುಕಡಿ. ಮೂರ್ ಆ ತುಕಡಿಯ ಎಳೆ ವಯಸ್ಸಿನ ಲೆಫ್ಟಿನೆಂಟ್.

ಅವನು ಬಣ್ಣಿಸುವ ಮರಾಠಾ ತೋಪಿನವರನ್ನು ನೋಡಿ. ಮದ್ದು ತುಂಬುತ್ತಾರೆ, ಎಲ್ಲರೂ ಕುಳಿತು ಅರ್ಧ ಗಂಟೆ ಹೊಗೆ ಸೇದುತ್ತ ಹರಟುತ್ತಾರೆ, ಆಮೇಲೆ ಹಾರಿಸುತ್ತಾರೆ. ಗೋಡೆಯಿಂದ ಜೋರಾಗಿ ಧೂಳೆದ್ದರೆ ಸಾಕು. ಮತ್ತೆ ಮದ್ದು, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ತೋಪು ಹಾರುವುದೇ ಅಪರೂಪ. ಇಬ್ಬರೂ ಮಾತಾಡಿಕೊಂಡಂತೆ ಅದು ಊಟದ ಹೊತ್ತು! ಮೂರ್‌ಗೆ ಇದು ನಗೆಪಾಟಲು. ನಾನಂತೂ ಆ ತೋಪಿನವರ ಪರ.

ಏಕೆಂದರೆ ಯುರೋಪಿನವರೇ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಇದನ್ನೇ ಮಾಡಿದರು. ಸಮಾಜಶಾಸ್ತ್ರಜ್ಞ ಟೋನಿ ಆಶ್‌ವರ್ತ್ 1980ರಲ್ಲಿ ಈ ಕುರಿತು ಇಡೀ ಪುಸ್ತಕವನ್ನೇ ಬರೆದಿದ್ದಾರೆ. 1914ರ ಕ್ರಿಸ್‌ಮಸ್ ಕದನವಿರಾಮ ಎಲ್ಲರಿಗೂ ಗೊತ್ತು. ಆಶ್‌ವರ್ತ್ ತೋರಿಸಿದ್ದು ದಿನನಿತ್ಯದ ಹೊಂದಾಣಿಕೆಯನ್ನು. ತಿಂಡಿ ಹೊತ್ತಿಗೆ ಗುಂಡಿಲ್ಲ. ಫಿರಂಗಿ ಹಾರಿಸಲೇಬೇಕಾದರೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ. ಎದುರಿನವರು ಸರಿದುಕೊಳ್ಳಲಿ ಎಂದು. ಇದನ್ನು ಮುರಿಯಲೆಂದೇ ಮೇಲಧಿಕಾರಿಗಳು ರಾತ್ರಿ ದಾಳಿಗಳನ್ನು ಹೇರಿದರು.

ಧಾರವಾಡದಲ್ಲಿ ಮದ್ದಿನ ಕೊರತೆಯೂ ಇತ್ತು, ಅದನ್ನೇ ನಾನು ಧರ್ಮವೆಂದು ಓದುತ್ತಿದ್ದೇನೆ ಅನ್ನಬಹುದು. ಇರಲಿ. ಆದರೆ ಅದೇ ಎರಡು ಗಂಟೆ ಒಳಗಿನ ತೋಪುಗಳೂ ಯಾಕೆ ಸುಮ್ಮನಿದ್ದವು?

ಕಂಪನಿಯ ಕರ್ನಲ್ ಫ್ರೆಡರಿಕ್‌ಗೆ ಇಂಥ ತಾಳ್ಮೆ ಇರಲಿಲ್ಲ. 1791ರ ಫೆಬ್ರುವರಿಯಲ್ಲಿ ಲಗ್ಗೆ ಹಾಕಿಸಿದ. ಅಗಳು ತುಂಬಿಸಲು ಹಾಕಿದ ಕಟ್ಟಿಗೆ ಹೊರೆಗಳಿಗೆ ಒಳಗಿನವರು ಬೆಂಕಿಯಿಟ್ಟರು, ಲಗ್ಗೆ ಸೋತಿತು. ಮರುತಿಂಗಳು ಫ್ರೆಡರಿಕ್ಕೇ ತೀರಿಕೊಂಡ.

ಏಪ್ರಿಲ್‌ನಲ್ಲಿ ಖಾನ್ ಕೋಟೆ ಬಿಟ್ಟುಕೊಟ್ಟ. ಸುರಕ್ಷಿತವಾಗಿ ಹೊರಟುಹೋಗಬಹುದೆಂಬ ಕರಾರಿತ್ತು. ಆದರೂ ಮರಾಠರು ಅವನ ಜನರ ಮೇಲೆ ಬಿದ್ದರು. ಖಾನ್ ಗಾಯಗೊಂಡು ಸೆರೆಸಿಕ್ಕ. ಕೋಟೆಯ ಮದ್ದನ್ನು ಹಾಳುಮಾಡಿ ಕರಾರು ಮುರಿದವನು ಅವನೇ ಎಂಬುದು ಮರಾಠರ ವಾದ. ನನಗದು ಒಪ್ಪಿಗೆಯಾಗಿಲ್ಲ. ಮದ್ದು ಕೆಡಿಸಿದ್ದು ಖಾನ್ ಎಂದೇ ಇಟ್ಟುಕೊಂಡರೂ, ಅವನ ಹಿಂದೆ ನಡೆದ ಸಿಪಾಯಿಗಳು ಮಾಡಿದ್ದೇನು?