ವಾಕ್‌ಮನ್ ಹಂಬಲ, ಬೀರುವಿನಲ್ಲಿರುವ ಕ್ಯಾಸೆಟ್

ಬಾಲ್ಯದ ವಾಕ್‌ಮನ್ ನೆನೆದು ಹಲುಬುವವರನ್ನು ಕಂಡು ನಗುವುದು ಸುಲಭ. ಬ್ಯಾಟರಿ ಇಳಿದರೆ ಹಾಡು ರಾಗ ಎಳೆಯುತ್ತಿತ್ತು, ಟೇಪು ರೋಲರಿಗೆ ಸುತ್ತಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಬೇಕಿತ್ತು, ಹಾಡಿನ ಹಿಂದೆ ಸದಾ ಸುಯ್ಯೆನ್ನುವ ಸದ್ದು ಬೇರೆ. ಇವತ್ತಿನ ಅಗ್ಗದ ಮೊಬೈಲೂ ಅದಕ್ಕಿಂತ ಚೊಕ್ಕವಾಗಿ ಹಾಡುತ್ತದೆ. ಹಾಗಿದ್ದೂ ಹಂಬಲ ಉಳಿದಿದೆಯೆಂದರೆ ಅದರ ಬೇರು ಬೇರೆಲ್ಲೋ ಇರಬೇಕು. ಹಾಡನ್ನು ಆರಿಸಿ, ತುಂಬಿಸಿ, ಕಾಪಾಡುವ ಕೆಲಸ ಆಗ ಕೇಳುಗರ ಕೈಯಲ್ಲಿತ್ತು. ನಾವು ಕಳೆದುಕೊಂಡದ್ದು ಆ ಹಿಡಿತವನ್ನು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಯಿತು. ಮರುವರ್ಷ ಜಪಾನಿನಲ್ಲಿ ಸೋನಿ ವಾಕ್‌ಮನ್ ಬಂತು. ಒಬ್ಬರೇ ಕಿವಿಗಿಟ್ಟುಕೊಂಡು ಕೇಳುವುದು ಒರಟುತನವಾದೀತೆಂಬ ಅಳುಕಿಗೆ ಆ ಮೊದಲ ಯಂತ್ರದಲ್ಲಿ ಎರಡು ಹೆಡ್‌ಫೋನ್ ಸಿಕ್ಕಿಸುವ ತೂತುಗಳಿದ್ದವು. ಅದರೊಳಗೆ ಓಡುತ್ತಿದ್ದ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಅದು ಸುಮಾರು 86 ಮೀಟರ್, ಒಂದು ಮಗ್ಗುಲಿಗೆ ಅರ್ಧ ಗಂಟೆ. ಜಾಗ ಅಷ್ಟೇ ಆದ್ದರಿಂದ ಯಾವ ಹಾಡು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲೇಬೇಕಿತ್ತು. ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ರೆಕಾರ್ಡಿಂಗ್ ಅಳಿಸುವ ಭಯವಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರಾಯಿತು.

ಹಳ್ಳಿಗಳಲ್ಲಿ ವಾಕ್‌ಮನ್ ಎಷ್ಟು ಜನರ ಬಳಿಯಿತ್ತು, ಇದು ಪೇಟೆಯವರ ಹಳಹಳಿಕೆಯಲ್ಲವೇ ಎಂದು ಕೇಳಬಹುದು. ಯಂತ್ರದ ಮಟ್ಟಿಗೆ ಮಾತು ಸರಿ. ಕ್ಯಾಸೆಟ್ ಮಾತ್ರ ಟೇಪ್ ರೆಕಾರ್ಡರ್ ಮೂಲಕ ಹಳ್ಳಿ ಮನೆ, ಟೀ ಅಂಗಡಿ, ಬಸ್ಸುಗಳನ್ನೆಲ್ಲ ಹೊಕ್ಕಿತು. ಹರೆಯದಲ್ಲಿ ಕೇಳಿದ ಹಾಡು ಹೆಚ್ಚು ಗಟ್ಟಿಯಾಗಿ ನೆನಪಿರುತ್ತದೆ, ಆದ್ದರಿಂದ ಇದು ಬರೀ ವಯಸ್ಸಿನ ಮಹಿಮೆ ಎಂದು ಮನಶ್ಶಾಸ್ತ್ರ ಬಲ್ಲವರು ಹೇಳಿಯಾರು. ಆದರೆ ಕ್ಯಾಸೆಟ್ ಕಾಲದಲ್ಲಿ ಹುಟ್ಟಿಯೇ ಇರದ ಹುಡುಗರೂ ಈಗ ಹೊರದೇಶಗಳಲ್ಲಿ ಹೊಸ ಕ್ಯಾಸೆಟ್ ಕೊಳ್ಳುತ್ತಿರುವುದಕ್ಕೆ ಅದು ಉತ್ತರವಾಗದು. ಮೊಬೈಲಿನಲ್ಲೂ ರೆಕಾರ್ಡ್ ಮಾಡಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ. ಹೌದು, ಮಾಡಬಹುದು, ಆದರೆ ಅದು ಸಾವಿರ ವಿಡಿಯೋಗಳ ನಡುವೆ ಸೇರಿ, ಫೋನ್ ಬದಲಾದಾಗ ಕಾಣೆಯಾಗುತ್ತದೆ.

ಹಾಗೆಂದು ಹಳೆಯ ವಾಕ್‌ಮನ್ ದುಬಾರಿ ಬೆಲೆಗೆ ಕೊಂಡು ಷೋಕೇಸಿನಲ್ಲಿಟ್ಟರೆ ಕಳೆದದ್ದು ಮರಳದು. ಅದಕ್ಕಿಂತ ಬೀರುವಿನಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಕಾಪಾಡುವುದು ಮೇಲು. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಸೀಮೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಊರವರಿಗೇ ಪಾತ್ರ ಕಲಿಸಿ, ರಾತ್ರಿಯಿಡೀ ‘ಕುರುಕ್ಷೇತ್ರ’ ಆಡಿಸುವ ರೂಢಿಯಿದೆ. ಇಂಥ ನಾಟಕ, ತತ್ವಪದ, ಸೋಬಾನೆ ಪದಗಳನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳ ಬೆಲೆಯೇ ಬೇರೆ. ಸಿನಿಮಾ ಹಾಡು ಇನ್ನೆಲ್ಲಾದರೂ ಸಿಕ್ಕೀತು, ತೀರಿಹೋದ ಊರ ಹಾಡುಗಾರ್ತಿಯ ದನಿ ಎಲ್ಲೂ ಸಿಗದು. ಟೇಪಿನ ಕಾಂತೀಯ ಲೇಪ ವರ್ಷ ಕಳೆದಂತೆ ಸವೆಯುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡರೆ ಹಾಗೇ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಚೆನ್ನಾಗಿದ್ದರೆ ಪ್ಲೇಯರನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಕೊಳ್ಳಿ; ಒಂದು ಗಂಟೆಯ ಕ್ಯಾಸೆಟ್ಟಿಗೆ ಹಿಡಿಯುವುದು ಒಂದೇ ಗಂಟೆ. ಹಾಡಿದವರ ಹೆಸರು, ಊರು, ವರ್ಷ ಬರೆದಿಟ್ಟು, ಎರಡು ಕಡೆ ಪ್ರತಿ ಉಳಿಸಿ.