ಹಳೆಯ ಜಾವಾಕ್ಕೆ ಹೊಸ ಹೊಳಪು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ ಬೈಕುಗಳನ್ನು ಇಂದಿಗೂ ಜತನದಿಂದ ಕಾಪಾಡುವವರಿದ್ದಾರೆ. ಅವುಗಳಲ್ಲಿ ಹಲವು ಮಾದರಿಗಳ ಪೆಟ್ರೋಲ್ ಟ್ಯಾಂಕಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಅದು ಕ್ರೋಮಿಯಂ ಲೇಪನ. ತುಕ್ಕು ಹಿಡಿದ ಟ್ಯಾಂಕಿಗೆ ಆ ಹೊಳಪು ಮರಳುವುದು ಹೇಗೆ?

ವಿದ್ಯಾರ್ಥಿಗಳು ಪಾಠದಲ್ಲಿ ಓದುವ ವಿದ್ಯುತ್ ಲೇಪನವೇ ಇಲ್ಲಿನ ವಿದ್ಯೆ. ಮೊದಲು ಟ್ಯಾಂಕಿನೊಳಗಿನ ಪೆಟ್ರೋಲ್ ಆವಿಯನ್ನು ಪೂರ್ತಿ ಹೊರಹಾಕಬೇಕು. ಇಲ್ಲವಾದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಹಳೆಯ ಲೇಪನ ತೆಗೆದು, ನೆಗ್ಗು ಸರಿಪಡಿಸಿ, ನುಣುಪಾಗುವಂತೆ ಉಜ್ಜಬೇಕು. ಬಳಿಕ ಟ್ಯಾಂಕನ್ನು ಋಣಧ್ರುವಕ್ಕೆ ಜೋಡಿಸಿ ದ್ರಾವಣದಲ್ಲಿ ಮುಳುಗಿಸುತ್ತಾರೆ. ಸಾಮಾನ್ಯವಾಗಿ ಮೊದಲು ತಾಮ್ರ, ಅನಂತರ ನಿಕ್ಕಲ್, ಕೊನೆಗೆ ಕ್ರೋಮಿಯಂ.

ಈ ಕ್ರೋಮಿಯಂ ಪದರ ಸಾಮಾನ್ಯವಾಗಿ ಮಿಲಿಮೀಟರಿನ 1000ದಲ್ಲಿ 1 ಭಾಗಕ್ಕಿಂತಲೂ ತೆಳು. ಆದ್ದರಿಂದ ಅದು ತಳದ ಗೀರು, ಗುಳಿಗಳನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹೊಳಪಿನ ಗುಟ್ಟಿರುವುದು ಕೆಳಗಿನ ಉಜ್ಜುವಿಕೆಯಲ್ಲಿ. ತುಕ್ಕು ತಡೆಯುವ ಮುಖ್ಯ ಕೆಲಸ ನಿಕ್ಕಲ್ಲಿನದು.

ಒಂದು ಎಚ್ಚರಿಕೆ: ಈ ಲೇಪನಕ್ಕೆ ಹಿಂದಿನಿಂದಲೂ ಬಳಸುತ್ತಿರುವ ಕ್ರೋಮಿಕ್ ಆಮ್ಲ ಕ್ಯಾನ್ಸರ್ ತರಬಲ್ಲದು. ಮನೆಯಲ್ಲಿ ಪ್ರಯೋಗ ಬೇಡ. ತೊಟ್ಟಿಯ ಹಬೆಯನ್ನು ಹೊರಗೆಳೆಯುವ, ತ್ಯಾಜ್ಯವನ್ನು ಶುದ್ಧೀಕರಿಸದೆ ಚರಂಡಿಗೆ ಬಿಡದ ಕಡೆಯಲ್ಲೇ ಟ್ಯಾಂಕ್ ಕೊಡಿ. ನಮ್ಮ ಬೈಕು ಹೊಳೆಯಲೆಂದು ಕೆಲಸಗಾರನ ಆರೋಗ್ಯ ಕೆಡಬಾರದಲ್ಲವೆ?