ಪಾಲಿನ ಬಾವಿ

ನಾನು ಕಲಾ ವಿಭಾಗದವನು. ರಸಾಯನಶಾಸ್ತ್ರ ನನ್ನ ಪಾಠವಲ್ಲ. ಆದರೂ ಕಲಬುರಗಿಯ ನಮ್ಮ ಖೋಲಿಯಲ್ಲಿರುವ ವಿಜ್ಞಾನದ ಗೆಳೆಯನು, ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ ಎಂದಾಗ ನನಗೆ ಕಮಲಾಪುರದ ನಮ್ಮ ಬಾವಿ ನೆನಪಾಯಿತು.

ಅಜ್ಜ ತೀರಿದ ಮೇಲೆ ಅಪ್ಪನೂ ದೊಡ್ಡಪ್ಪನೂ ಹೊಲವನ್ನು ಪಾಲು ಮಾಡಿಕೊಂಡರು. ಬಾವಿಯನ್ನು ಕಡಿದು ಎರಡು ಮಾಡಲಾದೀತೆ? ಅದು ಬದುವಿನ ಮೇಲೆಯೇ ಉಳಿಯಿತು. ಇಬ್ಬರ ಕೆಂಪು ಬಾಳೆಗೂ ಅದೇ ನೀರು. ಇಬ್ಬರೂ ಅದನ್ನು ತಮ್ಮ ಬಾವಿ ಎನ್ನುತ್ತಾರೆ.

ಆ ನೀರಿನ ಒಂದು ಅಣುವನ್ನೇ ನೋಡೋಣ. ಆಮ್ಲಜನಕದ ಹೊರಕವಚದಲ್ಲಿ 6 ಎಲೆಕ್ಟ್ರಾನುಗಳಿವೆ. ತುಂಬಲು 8 ಬೇಕು. ಜಲಜನಕದಲ್ಲಿರುವುದು 1, ಬೇಕಾದುದು 2. ಆದುದರಿಂದ ಎರಡು ಜಲಜನಕಗಳು ಒಂದೊಂದು ಎಲೆಕ್ಟ್ರಾನನ್ನೂ, ಆಮ್ಲಜನಕವು ಪ್ರತಿಯೊಂದರ ಜೊತೆಗೆ ತನ್ನದೊಂದನ್ನೂ ನಡುವೆ ಇಡುತ್ತವೆ. ಆ ಜೋಡಿ ಇಬ್ಬರ ಲೆಕ್ಕಕ್ಕೂ ಸೇರುತ್ತದೆ. ಎರಡು ಕಡೆಯ ನ್ಯೂಕ್ಲಿಯಸ್ಸುಗಳೂ ಅದನ್ನು ಸೆಳೆಯುವುದರಿಂದ ಪರಮಾಣುಗಳು ಕೂಡಿ ನಿಲ್ಲುತ್ತವೆ. ಇದೇ ಸಹವೇಲೆನ್ಸಿ ಬಂಧ. ಅಮೆರಿಕದ ಲೂಯಿಸರು 1916ರಲ್ಲಿ ಈ ಜೋಡಿಯ ವಿಚಾರವನ್ನು ಮಂಡಿಸಿದರು.

ಪಾಲು ಸಮವೇ? ಅಲ್ಲ. ಆಮ್ಲಜನಕವು ಜೋಡಿಯನ್ನು ತನ್ನ ಕಡೆಗೆ ಹೆಚ್ಚು ಎಳೆಯುತ್ತದೆ. ಹಾಗೆಂದು ಬಂಧ ಹರಿಯುವುದಿಲ್ಲ. ಆ ಹೆಚ್ಚುಕಡಿಮೆಯಿಂದಲೇ ನೀರಿಗೆ ಉಪ್ಪನ್ನು ಕರಗಿಸುವ ಗುಣ ಬಂದಿದೆ.

ಹೋದ ಬೇಸಿಗೆಯಲ್ಲಿ ನೀರಿನ ಸರದಿಗಾಗಿ ಮಾತಿಗೆ ಮಾತು ಬೆಳೆದು, ಬೇರೆ ಬಾವಿ ತೋಡುವ ಮಾತೂ ಬಂತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಫೀ ಬಂದದ್ದು ಎರಡೂ ಹೊಲಗಳ ಬಾಳೆಯಿಂದ. ದೊಡ್ಡಪ್ಪನ ಸರದಿ ಒಂದು ದಿನ ಹೆಚ್ಚಾದರೂ ಆಗಲಿ, ಬಾವಿ ಒಂದೇ ಇರಲಿ ಎಂದು ಅಪ್ಪನಿಗೆ ಹೇಳಿದ್ದೇನೆ. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಹೊಸ ಬಾವಿಗೆ ಗುದ್ದಲಿಯನ್ನೂ ಹಾಕಿಲ್ಲ.